ಏಳು ಗುಂಟೆ ಬಿ ಖರಾಬು

ನಮ್ಮ ಭಾವನವರು ನಿವೇಶನಕ್ಕೆಂದು ವರ್ಷಗಟ್ಟಲೆ ದುಡ್ಡು ಕೂಡಿಟ್ಟವರು. ಮೇ ಕೊನೆಯಲ್ಲಿ ದಾವಣಗೆರೆಯ ಹೊರವಲಯದ ಒಂದು ಜಾಗ ನೋಡಲು ನನ್ನನ್ನೂ ಕರೆದುಕೊಂಡು ಹೋದರು. ಸುತ್ತ ಕೊಯ್ಲು ಮುಗಿದ ಗದ್ದೆಗಳು, ನಡುವೆ ಕೆಂಪು ಗ್ರಾವಲ್ ಹರಡಿದ ಹೊಸ ಬಡಾವಣೆ, ಸುಣ್ಣ ಬಳಿದ ಗಡಿಕಲ್ಲುಗಳು. ಮಧ್ಯವರ್ತಿಯ ಕೈಯಲ್ಲಿ ಭೂ ಪರಿವರ್ತನೆ ಆದೇಶವೂ ಇತ್ತು, ಇಸಿ ಅಂದರೆ ಋಣಭಾರ ಪ್ರಮಾಣಪತ್ರವೂ ಇತ್ತು. ಮುಂಗಡ ಕೊಡಲು ಭಾವ ಸಿದ್ಧರಾಗಿಯೇ ಬಂದಿದ್ದರು.

ಬದುವಿನ ಮೇಲೆ ಎಮ್ಮೆ ಮೇಯಿಸುತ್ತಿದ್ದ ಅಜ್ಜ ಒಬ್ಬರು ತಾವಾಗಿಯೇ ಹತ್ತಿರ ಬಂದು, "ಈಗ ಭದ್ರಾ ನಾಲೆ ನಿಂತಿದೆ ಕಣಪ್ಪಾ. ನೀರು ಬಿಟ್ಟಾಗ ಬಂದು ನೋಡು. ಮೇಲಿನ ಗದ್ದೆಗಳ ಬಸಿ ನೀರೆಲ್ಲ ನೀನು ನಿಂತಿರುವ ಕಡೆಯೇ ಹರಿಯುತ್ತಿತ್ತು" ಎಂದರು. ಕಾಲಿನಿಂದ ಗ್ರಾವಲ್ ಸರಿಸಿದೆ. ನಾಲ್ಕು ಬೆರಳಿನ ಕೆಳಗೆ ಕಪ್ಪು ಎರೆಮಣ್ಣು, ಅದರಲ್ಲಿ ಒಣಗಿದ ಜೊಂಡಿನ ಬೇರು.

ಅಲ್ಲಿಯೇ ಮೊಬೈಲ್‌ನಲ್ಲಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಸರ್ವೆ ನಂಬರ್ ನೋಡಿಕೊಂಡೆವು. ಮನೆಗೆ ಬಂದು ಪರಿವರ್ತನೆಗೆ ಮೊದಲಿನ ಪಹಣಿ ತೆಗೆಸಿದೆವು. ಮೂರನೇ ಕಲಂನಲ್ಲಿ ಬಿ ಖರಾಬು 7 ಗುಂಟೆ ಎಂದು ಸ್ಪಷ್ಟವಾಗಿತ್ತು. 30×40 ಅಳತೆಯ ಆರು ನಿವೇಶನಗಳಿಗೂ ಮಿಗಿಲಾದ ಜಾಗ ಅದು. ಖರಾಬು ಎಂದರೆ ಸಾಗುವಳಿಗೆ ಬಾರದ ಜಾಗ. ಎ ಖರಾಬು ಬೇರೆ ಮಾತು, ಅದು ಮಾಲೀಕನ ಜಮೀನಿನಲ್ಲೇ ಸೇರಿದ್ದು. ಬಿ ಖರಾಬು ಎಂದರೆ ಹಳ್ಳ, ದಾರಿಗಳಂತಹ ಸಾರ್ವಜನಿಕ ಬಳಕೆಗೆ ಮೀಸಲಾದದ್ದು. ಅದನ್ನು ಮಾರಲು ಜಮೀನಿನ ಮಾಲೀಕನಿಗೆ ಹಕ್ಕೇ ಇಲ್ಲ. ಗ್ರಾಮ ನಕಾಶೆಯಲ್ಲಿ ಹಳ್ಳದ ಗೆರೆ ಆ ಸರ್ವೆ ನಂಬರನ್ನು ಸೀಳಿಕೊಂಡೇ ಹೋಗಿತ್ತು. ಬಡಾವಣೆಯ ನಕ್ಷೆಯಲ್ಲಿ ಮಾತ್ರ ಅದೇ ಜಾಗದಲ್ಲಿ ನಿವೇಶನಗಳ ಸಾಲು.

ನನಗೆ ಸಿಟ್ಟು ಬರುವುದು ಇಲ್ಲಿಯೇ. "ಇಸಿ ಸರಿ ಇದೆ" ಎಂಬ ಒಂದೇ ಮಾತಿಗೆ ಎಷ್ಟು ಮನೆಗಳು ಸಾಲ ಮಾಡುತ್ತವೆ! ನೋಂದಣಿಯಾದ ವ್ಯವಹಾರಗಳನ್ನಷ್ಟೇ ಇಸಿ ತೋರಿಸುತ್ತದೆ. ಬಾಯಿಮಾತಿನ ಪಾಲು, ತಂಗಿಯರ ಸಹಿ ಬಿಟ್ಟುಹೋದ ವಂಶವೃಕ್ಷ ಅದರಲ್ಲಿ ಕಾಣುವುದಿಲ್ಲ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನಾಗಿದ್ದರಂತೂ, ಅದನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವುದನ್ನು ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆ ಇದೆ. ಹಾಗೆ ಮಾರಿದ್ದರೆ, ಎಷ್ಟೇ ವರ್ಷ ಕಳೆದಿದ್ದರೂ ಮೂಲ ಮಂಜೂರುದಾರರ ಕಡೆಯವರು ಜಮೀನು ಮರಳಿ ಕೇಳಬಹುದು, 2023ರ ತಿದ್ದುಪಡಿ ಅದಕ್ಕೆ ಕಾಲಮಿತಿಯನ್ನೇ ಇಟ್ಟಿಲ್ಲ. ಅದು ನ್ಯಾಯವೂ ಹೌದು. ಹಾಗಾಗಿ ಮೂಲ ಮಂಜೂರಾತಿ ಕಡತ, ಹಳೆಯ ಮ್ಯುಟೇಷನ್ (ಹಕ್ಕು ಬದಲಾವಣೆ) ದಾಖಲೆಗಳನ್ನು ತೆಗೆಸಿ, ವಕೀಲರಿಗೆ ಓದಲು ಕೊಡಿ. ಅವರ ಶುಲ್ಕಕ್ಕೆ ಚೌಕಾಸಿ ಮಾಡಬೇಡಿ.

ಆಗಸ್ಟ್‌ನಲ್ಲಿ ನಾಲೆಗೆ ನೀರು ಬಿಟ್ಟ ಮೇಲೆ ಭಾವನವರೊಂದಿಗೆ ಮತ್ತೊಮ್ಮೆ ಅಲ್ಲಿಗೆ ಹೋಗಿದ್ದೆ. ಸುಣ್ಣ ಬಳಿದ ಕಲ್ಲುಗಳ ಬುಡದಲ್ಲಿ ಮೊಣಕಾಲಿನ ತನಕ ನೀರು ನಿಂತಿತ್ತು. ಆರು ಕಲ್ಲುಗಳ ಮೇಲೆ ಆಗಲೇ "ಮಾರಾಟವಾಗಿದೆ" ಎಂದು ಬರೆದಿದ್ದರು.