ಮಗನಿಗೆ 18 ತುಂಬಿತು, ಅಪ್ಪ ಪೇಡ ಹಂಚಿದ

ಇವತ್ತು ಆಫೀಸಲ್ಲಿ ಒಬ್ಬರು ಪೇಡ ಹಂಚಿದರು. ಮಗನ ಹುಟ್ಟುಹಬ್ಬ ಅಂದರು, ಬಾಯಿಗಿಟ್ಟೆ. ಆಮೇಲೆ ಹೇಳಿದರು: 'ಹದಿನೆಂಟು ತುಂಬಿತು ಸಾರ್, ಮುಂದಿನ ತಿಂಗಳಿಂದ ಜೀವನಾಂಶ ಬಂದ್.' ಮನೆ ಸಾಲ ತೀರಿಸಿದವರ ಮುಖದಲ್ಲೂ ಅಷ್ಟು ಕಳೆ ನಾನು ನೋಡಿಲ್ಲ. ಮಗನಿಗೆ ಫೋನ್ ಮಾಡಿ ವಿಶ್ ಮಾಡಿದ್ರಾ ಅಂತ ಕೇಳಿದೆ. ನಂಬರ್ ಇಲ್ಲವಂತೆ.

ಕಾನೂನು ಅವರ ಪರವೇ ಇದೆ, ಮೇಲ್ನೋಟಕ್ಕೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಸೆಕ್ಷನ್ ಆಗಲಿ, ಅದರ ಜಾಗಕ್ಕೆ 2024ರಲ್ಲಿ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 144 ಆಗಲಿ, ಮಕ್ಕಳು ಅಪ್ರಾಪ್ತರಾಗಿರುವ ತನಕ ಕೊಡು ಅನ್ನುತ್ತವೆ. ದೇಹ ಅಥವಾ ಮನಸ್ಸಿನ ತೊಂದರೆಯಿಂದ ದುಡಿಯಲಾಗದಿದ್ದರೆ ಮಾತ್ರ ಆಮೇಲೂ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, ಮದುವೆಯಾಗದ, ಸ್ವಂತ ಆದಾಯವಿಲ್ಲದ ಮಗಳಿಗೆ 18 ದಾಟಿದ ಮೇಲೂ ಹಕ್ಕು ಕೊಡುತ್ತದೆ. ಮಗನಿಗೆ? ಅವನಿಗೆ ಕೇಕು.

ಅಲ್ಲ ಸ್ವಾಮಿ, 18 ಅಂದರೆ ಸೆಕೆಂಡ್ ಪಿಯುಸಿ ಮುಗಿಯುವ ಹೊತ್ತು. ನಿಜವಾದ ಖರ್ಚು ಶುರುವಾಗುವುದೇ ಆಗ. ಹೆಂಡತಿ ಜೊತೆ ಒಂದೇ ಸೂರಿನಡಿ ಇರುವ ಯಾವ ಅಪ್ಪ ಹುಟ್ಟುಹಬ್ಬದ ಮಾರನೇ ದಿನ 'ನಾಳೆಯಿಂದ ನಿನ್ನ ಫೀಸು ನೀನೇ ಕಟ್ಕೋ' ಅಂತಾನೆ? ಡೈವರ್ಸ್ ಆಗಿದ್ದು ಹೆಂಡತಿಯಿಂದ ತಾನೇ?

ಕೋರ್ಟುಗಳಿಗೇ ಇದು ಅರ್ಥವಾಗಿದೆ. 2021ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಿನಲ್ಲಿ, ಮಗನ ಮೊದಲ ಡಿಗ್ರಿ ಮುಗಿಯುವ ತನಕ ಅಪ್ಪ ಕೊಡಬೇಕು ಅಂದಿತು. ಅದೇ ವರ್ಷ ದೆಹಲಿ ಹೈಕೋರ್ಟ್, 18 ತುಂಬಿದ ಮಗನ ಪೂರ್ತಿ ಭಾರವನ್ನು ತಾಯಿಯೊಬ್ಬಳ ತಲೆಗೆ ಕಟ್ಟಲಾಗದು ಅಂದಿತು. ಪೇಡ ಹಂಚಿದವರಿಗೆ ನಾನು ಇದನ್ನೇ ಹೇಳಿದೆ. 'ಅದಕ್ಕೆ ಅವರಮ್ಮ ಕೋರ್ಟಿಗೆ ಹೋಗಬೇಕಲ್ಲ' ಅಂತ ನಕ್ಕರು. ಹೌದು, ಆಕೆ ಮತ್ತೆ ಅದೇ ಕಾರಿಡಾರಿನಲ್ಲಿ ಫೈಲು ಹಿಡಿದು ಕೂರಬೇಕು. ಅದೇ ಇವರ ಧೈರ್ಯ.

'ಮೂವತ್ತಾದರೂ ಓದ್ತಾನೇ ಇದ್ದರೆ ಕೊಡ್ತಾನೇ ಇರಬೇಕಾ?' ಅಂತ ಕಾಮೆಂಟ್ ಹಾಕುವವರಿದ್ದೀರಿ, ಗೊತ್ತು. ಅಂಥವನೊಬ್ಬನನ್ನು ಕರೆದುಕೊಂಡು ಬನ್ನಿ, ಮಾತಾಡೋಣ. ಅಷ್ಟರಲ್ಲಿ ಕಾಲೇಜು ಬಿಟ್ಟು ಡೆಲಿವರಿ ಬ್ಯಾಗ್ ಹೊತ್ತ ನಾಲ್ಕು ಹುಡುಗರನ್ನು ನಾನು ತೋರಿಸ್ತೀನಿ.

ನನಗೂ ಡೈವರ್ಸ್ ಆಗಿದೆ, ಆ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ. ಗೊತ್ತಿಲ್ಲದ್ದು ಒಂದಿದೆ. ಸಂಬಳ ತಡವಾದ ಒಂದು ತಿಂಗಳು, ಮಗನಿಗೆ 18 ಆಗಲು ಇನ್ನೆಷ್ಟು ಕಂತು ಅಂತ ಮೊಬೈಲಲ್ಲಿ ನಾನೂ ಲೆಕ್ಕ ಹಾಕಿದ್ದೆ. 41 ಇತ್ತು.

ಅದಕ್ಕೇ ಇವತ್ತು ಆ ಮನುಷ್ಯನಿಗೆ ಸರಿಯಾಗಿ ಬೈಯಲಾಗಲಿಲ್ಲ. ಬಾಯಲ್ಲಿ ಅವನ ಪೇಡ ಬೇರೆ ಇತ್ತು.