ಎರಡು ಕಾಲಿನ ನಿಯಮ, ಒಂದು ಮೀಟರ್ ಕೇಬಲ್

ನಿನ್ನೆ ಶನಿವಾರ. ಬಟ್ಟೆ ಒಗೆಯಲು ಹಾಕಿ ಸುಮ್ನೆ ಮನೆಯಲ್ಲಿರಬಹುದಿತ್ತು. ಅದು ಬಿಟ್ಟು ರಿಂಗ್ ರೋಡಿನಲ್ಲಿ ಒಂದೂವರೆ ಗಂಟೆ ತೆವಳಿಕೊಂಡು ಒಂದು ಅನ್‌ಕಾನ್ಫರೆನ್ಸಿಗೆ ಹೋದೆ. ಬಾರ್‌ಕ್ಯಾಂಪ್ ಜಾತಿಯದು. ಆಹ್ವಾನ ಬಂದವರಿಗೆ ಮಾತ್ರ ಪ್ರವೇಶವಿದ್ದ ಫೂ ಕ್ಯಾಂಪ್ ಎಂಬ ತಂತ್ರಜ್ಞರ ಕೂಟಕ್ಕೆ ಎದುರಾಗಿ 2005ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು. ಇಲ್ಲಿ ಮುಖ್ಯ ಅತಿಥಿ ಇಲ್ಲ, ಹಾರ ಇಲ್ಲ, ಬಂದವರೇ ಚೀಟಿ ಬರೆದು ಗೋಡೆಗೆ ಅಂಟಿಸಬೇಕು, ಬಂದವರೇ ಮಾತಾಡಬೇಕು. ಕರೆಯದಿದ್ದರೂ ಹೋಗಬಹುದಾದ ಮದುವೆ, ಆದರೆ ಅಡುಗೆ ನೀವೇ ಮಾಡಿಕೊಳ್ಳಬೇಕು.

ಮಾತು ಹಿಡಿಸದಿದ್ದರೆ ಎದ್ದು ಪಕ್ಕದ ಕೋಣೆಗೆ ಹೋಗಬಹುದು, ಯಾರೂ ಬೇಜಾರು ಮಾಡಿಕೊಳ್ಳಬಾರದು. ಇದಕ್ಕೆ ಎರಡು ಕಾಲಿನ ನಿಯಮ ಅಂತ ಹೆಸರು. ಹ್ಯಾರಿಸನ್ ಓವೆನ್ ಎಂಬ ಪುಣ್ಯಾತ್ಮ ಮಾಡಿದ್ದು. ಅವನು ವರ್ಷವಿಡೀ ಒದ್ದಾಡಿ ಸಮ್ಮೇಳನ ನಡೆಸಿದರೆ ಕಾಫಿ ಬಿಡುವೇ ಚೆನ್ನಾಗಿತ್ತು ಅಂದರಂತೆ ಜನ! ಹಾಗಾದರೆ ಸಭೆಯೇ ಕಾಫಿ ಬಿಡುವಿನಂತಿರಲಿ ಅಂತ ಹೊರಟ.

ನನ್ನ ಚೀಟಿ: ‘ಕಂಪ್ಯೂಟರಿಗೆ ಕನ್ನಡ ಎಣಿಸಲು ಬರುತ್ತಾ?’ ಪಕ್ಕದ ಕೋಣೆಯಲ್ಲಿ ಎಐ. ಇನ್ನು ಹೇಳಬೇಕಾ? ನನಗೆ ನಾಲ್ಕೇ ಜನ. ಐದು ನಿಮಿಷದಲ್ಲಿ ಮೂವರ ಆರು ಕಾಲುಗಳು ನಿಯಮ ಪಾಲಿಸಿದವು. ಉಳಿದ ಒಬ್ಬ ಹುಡುಗ ಮುಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದ. ಅಬ್ಬಾ, ಒಬ್ಬನಾದರೂ ಇದ್ದಾನಲ್ಲ ಅಂತ ನೋಡಿದರೆ, ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಒಂದೇ ಒಂದು ಪ್ಲಗ್ಗಿಗೆ ಅವನ ಫೋನು.

ಅವನಿಗೂ ಎರಡು ಕಾಲಿತ್ತು. ಆದರೆ ಕೇಬಲ್ ಒಂದೇ ಮೀಟರ್.

ಫೋನು ಮೇಜಿನ ಮೇಲೆ, ನನಗೆ ಕಾಣುವಂತೆಯೇ ಇತ್ತು. ಚಾರ್ಜು ಶೇಕಡಾ 41. ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ, ಅದೇ ಯೂನಿಕೋಡ್ ಅಂದೆ. 44. ‘ಲಕ್ಷ್ಮಮ್ಮ’ ನಮಗೆ ಮೂರಕ್ಷರ, ಒತ್ತು, ಅದನ್ನು ಜೋಡಿಸುವ ಹಲಂತ (್) ಎಲ್ಲ ಬಿಡಿಸಿ ಎಣಿಸಿದರೆ ಕಂಪ್ಯೂಟರಿಗೆ ಒಂಬತ್ತು ಅಂದೆ. 52. ಅತ್ತ ನನ್ನ ಲ್ಯಾಪ್‌ಟಾಪ್ 9ಕ್ಕೆ ಇಳಿದಿತ್ತು. ಸ್ವಲ್ಪ ಪ್ಲಗ್ ಬಿಡಪ್ಪಾ ಅಂತ ಕೇಳೋಣ ಅಂದರೆ, ಇದ್ದ ಒಬ್ಬ ಕೇಳುಗನೂ ಎದ್ದು ಹೋಗುತ್ತಾನೆ. ಕೇಳದಿದ್ದರೆ ಸ್ಲೈಡ್ ಹೋಗುತ್ತದೆ. ಇಂಥ ಧರ್ಮಸಂಕಟ ನನ್ನ ಶತ್ರುವಿಗೂ ಬೇಡ.

ಸ್ಲೈಡೇ ಹೋಯಿತು. ಕತ್ತಲು ಪರದೆಯ ಮುಂದೆ ಬೆಪ್ಪನಂತೆ ನಿಂತಿದ್ದಾಗ ಅವನು ತಲೆಯೆತ್ತಿ, “ಸಾರ್, ಒಂದು ಫಾರಮ್ಮಿನಲ್ಲಿ ನಮ್ಮಜ್ಜಿ ಹೆಸರು ‘ಲಕ್ಷ್ಮಮ್’ ಅಂತ ಅರ್ಧಕ್ಕೇ ನಿಂತಿತ್ತು. ಅದಕ್ಕೂ ಇದೇನಾ ಕಾರಣ?” ಅಂದ.

ಇರಬಹುದು ಕಣಪ್ಪಾ ಅಂದೆ. ಜಾಗ ಎಂಟಕ್ಕೇ ಮುಗಿದಿದ್ದರೆ ಕೊನೆಯ ಒತ್ತು ಉದುರಿಹೋಗುತ್ತದೆ. ನಮ್ಮಜ್ಜಿ ನೆನಪಾದರು. ಸ್ಲೇಟಿನ ಮೇಲೆ ಒತ್ತು ಬಿಟ್ಟು ಬರೆದರೆ “ಅಕ್ಷರದ ಕಾಲು ಮುರಿದೆಯಲ್ಲೋ” ಅಂತ ಬಳಪದಲ್ಲೇ ಬೆರಳಿಗೆ ಕುಟ್ಟುತ್ತಿದ್ದರು. ಅದನ್ನೆಲ್ಲ ಹೇಳಬೇಕು ಅಂತ ಬಾಯಿ ತೆರೆದೆ.

“ಸಾರ್, ಕ್ಯಾಬ್ ಬಂತು,” ಅಂತ ಫೋನು ಕಿತ್ತುಕೊಂಡು ಓಡಿದ. 83.

ಅವಸರದಲ್ಲಿ ಕೇಬಲ್ ಬಿಟ್ಟುಹೋಗಿದ್ದಾನೆ. ಈಗ ಅದು ನನ್ನ ಬ್ಯಾಗಿನಲ್ಲಿದೆ. ನನ್ನ ಫೋನಿಗೆ ಹಿಡಿಸುವುದಿಲ್ಲ.