ಅವನಿಗೆ ಆನೆ ಕೇಳುವುದಿಲ್ಲ

ಸಿದ್ದಾಪುರ ಕಡೆಯ ಒಂದು ಕಾಫಿ ತೋಟದಲ್ಲಿ ನಾನು 19 ವರ್ಷ ರೈಟರ್ ಆಗಿದ್ದವನು. ಕೊಡಗಿನ ಹೊರಗಿನವರಿಗಾಗಿ ಹೇಳುತ್ತೇನೆ, ತೋಟದ ರೈಟರ್ ಅಂದರೆ ಲೆಕ್ಕ ಬರೆಯುವವನು. ಬೆಳಿಗ್ಗೆ ಹಾಜರಿ, ಸಂಜೆ ಹಣ್ಣಿನ ತೂಕ, ವಾರಕ್ಕೊಮ್ಮೆ ಬಟವಾಡೆ. ಲೈನ್ ಮನೆ ಅಂದರೆ ಆಳುಗಳಿಗೆ ತೋಟದವರು ಕೊಡುವ ಸಾಲು ಕೋಣೆಗಳು; ಯಾವ ಆಳಿಗೆ ಯಾವುದು ಅನ್ನುವುದೂ ನನ್ನ ಪುಸ್ತಕದಲ್ಲೇ ಇರುತ್ತಿತ್ತು.

ಈ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟಿರಲಿಲ್ಲ. ಮಗಳು ಕಾಲೇಜಿನಲ್ಲಿ ಓದಿ ಮನೆಯಲ್ಲಿ ಬಿಟ್ಟುಹೋಗಿದ್ದ ತೆಳು ಪುಸ್ತಕವೊಂದು ಕೈಗೆ ಸಿಕ್ಕಿತು. ಜಾನ್ ಸ್ಟೈನ್‌ಬೆಕ್ ಬರೆದ ‘ಆಫ್ ಮೈಸ್ ಅಂಡ್ ಮೆನ್’, 1937ರದ್ದು. ಕ್ಯಾಲಿಫೋರ್ನಿಯಾದ ಸೊಲೆಡಾಡ್ ಊರಿನ ಹತ್ತಿರದ ದೊಡ್ಡ ಜಮೀನೊಂದಕ್ಕೆ ಬಾರ್ಲಿ ಮೂಟೆ ಹೊರಲು ಬರುವ ಇಬ್ಬರು ಕೂಲಿಗಳ ಕಥೆ. ಸ್ಪ್ಯಾನಿಷ್ ಭಾಷೆಯಲ್ಲಿ ಸೊಲೆಡಾಡ್ ಅಂದರೆ ಒಂಟಿತನ. ಲೇಖಕರು ಕಟ್ಟಿದ ಹೆಸರಲ್ಲ, ಅದು ಇವತ್ತಿಗೂ ಇರುವ ಊರು.

ಮೇಣದಬತ್ತಿ ಹಚ್ಚಿಕೊಂಡು ಓದುತ್ತಿದ್ದವನಿಗೆ ಒಂದು ಕಡೆ ಕೈ ನಿಂತುಬಿಟ್ಟಿತು. ಜಾರ್ಜ್ ಮತ್ತು ಲೆನ್ನಿ ಕೆಲಸ ಕೇಳಿಕೊಂಡು ಬಂದಿದ್ದಾರೆ. ಲೆನ್ನಿ ಆಳೆತ್ತರದ ದೈತ್ಯ, ಬುದ್ಧಿ ಮಾತ್ರ ಮಗುವಿನದು. ಅವನ ಪರವಾಗಿ ಜಾರ್ಜೇ ಮಾತಾಡುತ್ತಾನೆ. ಯಜಮಾನನಿಗೆ ಕೂಡಲೇ ಅನುಮಾನ. ಇವನು ಅವನ ಕೂಲಿ ಹೊಡೆಯುತ್ತಿದ್ದಾನಾ? ಇಲ್ಲದಿದ್ದರೆ ಒಬ್ಬ ಮನುಷ್ಯ ಇನ್ನೊಬ್ಬನಿಗಾಗಿ ಇಷ್ಟು ತಲೆ ಕೆಡಿಸಿಕೊಳ್ಳುವುದುಂಟಾ?

ಅದೇ ಪ್ರಶ್ನೆಯನ್ನು ನಾನೂ ಕೇಳಿದ್ದೆ. ನಮ್ಮ ತೋಟದ ಕೆಳಗಿನ ಲೈನಿನ ಕೊನೆಯ ಎರಡು ಕೋಣೆಗಳಲ್ಲಿ ಇಬ್ಬರಿದ್ದರು. ಒಬ್ಬ ಇಲ್ಲಿಯದೇ ಆದಿವಾಸಿ, ಎರವರ ಅಜ್ಜ. ಇನ್ನೊಬ್ಬ ಹುಡುಗನಾಗಿದ್ದಾಗ ಮೇಸ್ತ್ರಿಯ ಜೊತೆ ಸೇಲಂ ಕಡೆಯಿಂದ ಬಂದು ಇಲ್ಲೇ ಉಳಿದವನು, ಕಿವಿ ಒಂದಿಷ್ಟೂ ಕೇಳುತ್ತಿರಲಿಲ್ಲ. ನೆಂಟರಲ್ಲ, ಒಂದು ಭಾಷೆಯವರಲ್ಲ, ಇಬ್ಬರಿಗೂ ಸಂಸಾರವಿಲ್ಲ. ಬಟವಾಡೆಯ ದಿನ ಕಿವುಡನ ದುಡ್ಡನ್ನು ಅಜ್ಜನೇ ಎರಡೆರಡು ಸಲ ಎಣಿಸಿ, ಮಡಿಸಿ, ಅವನ ಅಂಗಿಯ ಒಳಜೇಬಿಗೆ ಇಟ್ಟು ಮೇಲಿನಿಂದ ತಟ್ಟುತ್ತಿದ್ದ. ನೋಡಿ ನೋಡಿ ಒಂದು ದಿನ ಕೇಳಿದೆ: “ಎಂತ ಅಜ್ಜ, ಇದರಲ್ಲಿ ನಿನಗೆಷ್ಟು?” ಅವನಿಗೆ ನನ್ನ ಪ್ರಶ್ನೆ ಅರ್ಥವೇ ಆಗಲಿಲ್ಲ.

ಈ ಕಾದಂಬರಿಯನ್ನು ವಿಧಿಯ ಕಥೆ ಎನ್ನುವವರಿದ್ದಾರೆ. ಬಡವರು ಕನಸು ಕಂಡರು, ಹಣೆಬರಹ ಬಿಡಲಿಲ್ಲ, ಅಷ್ಟೇ ಎಂಬಂತೆ. ನಾನು ಇದನ್ನು ಒಪ್ಪುವುದಿಲ್ಲ. ಲೈನ್ ಮನೆ ಹಂಚಿದ ಕೈ ನನ್ನದು, ಅದಕ್ಕೇ ಒಪ್ಪುವುದಿಲ್ಲ. ಆ ಜಮೀನಿನಲ್ಲಿ ಆಳುಗಳಿಗೆಲ್ಲ ಸೇರಿ ಒಂದೇ ಉದ್ದನೆಯ ಕೋಣೆ. ಒಬ್ಬೊಬ್ಬನಿಗೆ ಒಂದು ಮಂಚ, ಅದರ ಮೇಲೆ ಗೋಡೆಗೆ ಹೊಡೆದ ಸೇಬಿನ ಪೆಟ್ಟಿಗೆ. ಅವನ ಬದುಕಿನ ಸಾಮಾನೆಲ್ಲ ಆ ಪೆಟ್ಟಿಗೆಯಲ್ಲಿ ಹಿಡಿಯಬೇಕು. ತಿಂಗಳು ಮುಗಿಯಿತು, ಐವತ್ತು ಡಾಲರ್ ಎಣಿಸಿಕೊಂಡ, ಪಟ್ಟಣಕ್ಕೆ ಹೋಗಿ ಕಳೆದ, ಮುಂದಿನ ಊರು. ಅಂಥ ಕಡೆ ಗೆಳೆತನ ಬೆಳೆಯುವುದಾದರೂ ಹೇಗೆ? ಒಂಟಿತನ ಅವರು ಹುಟ್ಟುವಾಗ ತಂದದ್ದಲ್ಲ, ಕೆಲಸದ ಜೊತೆ ಕೊಟ್ಟದ್ದು.

ಕುದುರೆ ಲಾಯ ನೋಡಿಕೊಳ್ಳುವ ಕ್ರುಕ್ಸ್ ಕರಿಯ. ಉಳಿದವರ ಕೋಣೆಗೆ ಅವನಿಗೆ ಪ್ರವೇಶವಿಲ್ಲ, ಲಾಯದ ಪಕ್ಕದ ಗೂಡಿನಲ್ಲಿ ಒಬ್ಬನೇ ಇರಬೇಕು. ಅವನ ಹತ್ತಿರ ಪುಸ್ತಕಗಳಿವೆ, ಅದರಲ್ಲಿ ಒಂದು 1905ರ ಕ್ಯಾಲಿಫೋರ್ನಿಯಾ ಸಿವಿಲ್ ಕಾನೂನಿನ ಹರಿದ ಪ್ರತಿ. ಪಕ್ಕದ ಕೋಣೆಗೆ ಹೋಗಿ ಇಸ್ಪೀಟು ಆಡಲಾಗದವನು ರಾತ್ರಿ ಕಾನೂನು ಓದುತ್ತಾನೆ! ಆ ಒಂದು ವಾಕ್ಯಕ್ಕೆ ನಾನು ಎಷ್ಟೋ ಹೊತ್ತು ಪುಸ್ತಕ ಮಡಚಿ ಕೂತಿದ್ದೆ.

ಆಮೇಲೆ ಕ್ಯಾಂಡಿ. ಕೆಲಸದಲ್ಲಿ ಒಂದು ಕೈ ಹೋದ ಮುದುಕ. ಅವನ ಮುದಿ ನಾಯಿ ನಾರುತ್ತದೆ ಅಂತ ಉಳಿದವರಿಗೆ ಕಿರಿಕಿರಿ, ಗುಂಡು ಹಾಕಲು ಹೊರಗೆ ಕರೆದುಕೊಂಡು ಹೋಗುತ್ತಾರೆ. ಒಳಗೆ ಎಲ್ಲರೂ ಏನೇನೋ ಮಾತು ತೆಗೆಯುತ್ತಾರೆ, ಯಾವುದೂ ಮುಂದಕ್ಕೆ ಹೋಗುವುದಿಲ್ಲ. ಕ್ಯಾಂಡಿ ಮಂಚದ ಮೇಲೆ ಮಲಗಿ ಸೂರು ನೋಡುತ್ತಿದ್ದಾನೆ. ಗುಂಡಿನ ಸದ್ದು ಕೇಳಿದ ಮೇಲೆ ಗೋಡೆಯ ಕಡೆ ತಿರುಗಿಕೊಳ್ಳುತ್ತಾನೆ. ಅದೇ ರಾತ್ರಿ, ಜಾರ್ಜ್ ಮತ್ತು ಲೆನ್ನಿ ತಮ್ಮ ಕನಸಿನ ಜಾಗದ ಮಾತಾಡುವುದನ್ನು ಕೇಳಿ, ತನ್ನ ಹತ್ತಿರ ಇರುವುದನ್ನೆಲ್ಲ ಮುಂದಿಡುತ್ತಾನೆ: ಕೈಗೆ ಸಿಕ್ಕ ಪರಿಹಾರ 250 ಡಾಲರ್, ಬ್ಯಾಂಕಿನಲ್ಲಿ 50, ತಿಂಗಳ ಕೊನೆಗೆ ಬರುವ ಇನ್ನೊಂದು 50. ಜಾಗದ ಬೆಲೆ 600. ಅಷ್ಟು ದುಡ್ಡು ಕೊಟ್ಟು ಆ ಮುದುಕ ಕೇಳುವುದು ಗುರುತಿರುವವರ ನಡುವೆ ಇರಲು ಒಂದು ಮೂಲೆ.

ಯಜಮಾನನ ಮಗ ಕರ್ಲಿ, ಅವನ ಹೆಂಡತಿಗೆ ಪುಸ್ತಕದಲ್ಲಿ ಹೆಸರೇ ಇಲ್ಲ. ಸಿನಿಮಾ ಸೇರುವ ಆಸೆ ಇದ್ದವಳು, ಬರಬೇಕಿದ್ದ ಕಾಗದ ಬರಲಿಲ್ಲ. ಸುತ್ತ ಇಷ್ಟು ಗಂಡಸರಿದ್ದೂ ಅವಳ ಜೊತೆ ಮಾತಾಡುವವರಿಲ್ಲ. ಇಲ್ಲಿ ನನಗೆ ನಮ್ಮ ಕೊಡಗಿನ ಕಥೆಗಾರ್ತಿ ಗೌರಮ್ಮ ನೆನಪಾದರು. ಅದೇ ಕಾಲದಲ್ಲಿ ಸುಂಟಿಕೊಪ್ಪ ಕಡೆಯ ಗುಂಡುಗುಟ್ಟಿ ತೋಟದಲ್ಲಿದ್ದು ಒಂಟಿ ಹೆಂಗಸರ ಕಥೆಗಳನ್ನು ಬರೆದರು, 1939ರಲ್ಲಿ, 27ನೇ ವಯಸ್ಸಿಗೇ ಹೋಗಿಬಿಟ್ಟರು. ಅವರ ಕಥೆಗಳಲ್ಲಿ ಹೆಣ್ಣಿಗೆ ಹೆಸರಿದೆ. ವಾಣಿ ಇದ್ದಾಳೆ, ಇಂದು ಇದ್ದಾಳೆ. ಸ್ಟೈನ್‌ಬೆಕ್ ಬರಹದಲ್ಲಿ ನನಗೆ ಒಪ್ಪಿಗೆಯಾಗದ್ದು ಇದೊಂದು.

ಲೆನ್ನಿಗೆ ಯಾವುದೂ ನೆನಪಿರುವುದಿಲ್ಲ, ಆ ಜಾಗದ ಕಥೆ ಮಾತ್ರ ಬಾಯಿಪಾಠ. ಆದರೂ ಜಾರ್ಜ್ ಬಾಯಿಂದಲೇ ಕೇಳಬೇಕು. “ಹೇಳು” ಅನ್ನುತ್ತಾನೆ, ಮತ್ತೆ “ಹೇಳು” ಅನ್ನುತ್ತಾನೆ. ತನ್ನದೇ ಜಾಗ, ಹಸು, ಮೊಲ, ಮಳೆ ಬಂದರೆ ಕೆಲಸಕ್ಕೆ ಹೋಗದೆ ಒಲೆಯ ಮುಂದೆ ಕೂರುವುದು. ಇನ್ನೊಂದು ಕಡೆ, ಡಬ್ಬಿಯ ಬೀನ್ಸ್ ತಿನ್ನುವಾಗ ನೆಂಚಿಕೊಳ್ಳಲು ಕೆಚಪ್ ಇಲ್ಲ ಎಂದು ಜಾರ್ಜ್ ಬೈದಾಗ, ಲೆನ್ನಿ ಹೇಳುತ್ತಾನೆ: ಕೆಚಪ್ ಇದ್ದಿದ್ದರೆ ನಾನು ಮುಟ್ಟುತ್ತಿರಲಿಲ್ಲ, ಎಲ್ಲ ನಿನಗೇ ಬಿಡುತ್ತಿದ್ದೆ. ಇಲ್ಲದ ಕೆಚಪ್ಪನ್ನು ಬಿಟ್ಟುಕೊಡುವ ಆ ಪ್ರೀತಿಯ ಮುಂದೆ ನನಗೆ ಮಾತು ಹೊರಡಲಿಲ್ಲ.

ನಮ್ಮ ತೋಟದ ಆ ಇಬ್ಬರಿಗೂ ಅಂಥದ್ದೊಂದು ಕಥೆಯಿತ್ತು. ತೂಕದ ಹೊತ್ತಿಗೆ ಚೀಲದ ಮೇಲೆ ಕೂತು ಅಜ್ಜ ಕೈಸನ್ನೆಯಲ್ಲಿ ಹೇಳುವುದು, ಕಿವುಡ ನಗುವುದು. ಪೈಸಾರಿಯಲ್ಲಿ, ಅಂದರೆ ಸರ್ಕಾರಿ ಭೂಮಿಯಲ್ಲಿ, ಹತ್ತು ಸೆಂಟು ಜಾಗ, ಎರಡು ಹಂದಿ, ಒಂದು ಹಲಸಿನ ಮರ. ತೋಟದ ಗಂಟೆ ಹೊಡೆದರೂ ಏಳುವುದು ಬೇಡ. ಅಜ್ಜ ಗಂಟೆ ಹೊಡೆಯುವ ಹಾಗೆ ಕೈ ಆಡಿಸಿ, ಕಣ್ಣು ಮುಚ್ಚಿ ಮಲಗಿದಂತೆ ತಲೆ ವಾಲಿಸುತ್ತಿದ್ದ. ಪ್ರತಿ ಸಲವೂ ಕಿವುಡನಿಗೆ ಅದೇ ನಗು.

2016ರ ಡಿಸೆಂಬರಿನಲ್ಲಿ ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಎಷ್ಟೋ ಜನ ಕೇಳಿದರು, ತೋಟದಲ್ಲಿ ಲೈನ್ ಮನೆ ಇರುವಾಗ ಇವರಿಗೆ ಕಾಡಂಚಿನಲ್ಲಿ ಗುಡಿಸಲು ಯಾಕೆ ಎಂದು. ಕೆಲಸ ಬಿಟ್ಟ ದಿನ ಖಾಲಿ ಮಾಡಬೇಕಾದದ್ದನ್ನು ಮನೆ ಅನ್ನುವುದು ಹೇಗೆ? ಮುಂದೆ ಕುಶಾಲನಗರದ ಕಡೆ ಬ್ಯಾಡಗೊಟ್ಟ, ಬಸವನಹಳ್ಳಿಗಳಲ್ಲಿ ಅವರಿಗೆ ಮನೆ ಕೊಟ್ಟರು. ಅಷ್ಟು ಹೊತ್ತಿಗೆ ನಮ್ಮ ತೋಟದ ಆ ಇಬ್ಬರ ಕಥೆ ಮುಗಿದುಹೋಗಿತ್ತು. ಅದನ್ನು ಮುಗಿಸಿದವನು ನಾನೇ.

ಆ ವರ್ಷ ಕೊಯ್ಲಿಗೆ ಅಸ್ಸಾಂ ಕಡೆಯಿಂದ ಹೆಚ್ಚು ಸಂಸಾರಗಳು ಬಂದವು. ಕೆಳಗಿನ ಲೈನಿನಲ್ಲಿ ಒಂದು ಕೋಣೆ ಬೇಕಾಯಿತು. ಒಬ್ಬಂಟಿ ಆಳಲ್ಲವಾ, ಎಲ್ಲಾದರೇನು ಅಂತ ಕಿವುಡನನ್ನು ಮೇಲಿನ ಡಿವಿಜನ್ನಿಗೆ ಹಾಕಿದೆ. ಮೂರು ಕಿಲೋಮೀಟರ್ ದೂರ. ನನಗೆ ಅದು ಪುಸ್ತಕದಲ್ಲಿ ಒಂದು ಗೆರೆ ಹೊಡೆದು ಇನ್ನೊಂದು ಕಡೆ ಹೆಸರು ಬರೆದಷ್ಟೇ ಕೆಲಸ.

ಅವತ್ತೇ ಸಂಜೆ ಅಜ್ಜ ಆಫೀಸಿನ ಮೆಟ್ಟಿಲ ಹತ್ತಿರ ನಿಂತಿದ್ದ. “ಅವನಿಗೆ ಆನೆ ಕೇಳುವುದಿಲ್ಲ ರೈಟ್ರೇ” ಅಂದ.

ಸಿದ್ದಾಪುರ ಕಡೆ ಇರುವವರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹೊತ್ತು ಮುಳುಗಿದ ಮೇಲೆ ತೋಟದೊಳಗೆ ಆನೆ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಕೊಂಬೆ ಲಟಕ್ ಅನ್ನುತ್ತದೆ, ಹೊಟ್ಟೆ ಗುಡುಗುಡು ಅನ್ನುತ್ತದೆ. ಅಷ್ಟು ವರ್ಷ ಅಜ್ಜ ಅವನ ತೋಳು ಹಿಡಿದುಕೊಂಡೇ ದಾರಿ ನಡೆದಿದ್ದ, ಸದ್ದಾದರೆ ತೋಳು ಹಿಸುಕುತ್ತಿದ್ದ. ಇವೆಲ್ಲ ನಾನು ದಿನಾ ನೋಡಿದ್ದೇ. ಆದರೂ “ಕೊಯ್ಲು ಮುಗಿಯಲಿ ಅಜ್ಜ, ನೋಡುವ” ಅಂದೆ.

ಆನೆ ಏನೂ ಮಾಡಲಿಲ್ಲ. ಫೆಬ್ರವರಿಯಲ್ಲಿ ಒಂದು ದಿನ ಕಿವುಡ ಹಾಜರಿಗೆ ಬರಲಿಲ್ಲ. ಯಾವುದೋ ಮರದ ಕೆಲಸದವರ ಜೀಪು ಹತ್ತಿ ಹೋದ ಎಂದರು. ಬಾಕಿ ಲೆಕ್ಕ ಕೇಳಲೂ ಬರಲಿಲ್ಲ. ಅಜ್ಜ ಆಮೇಲೂ ಎರಡು ಕೊಯ್ಲು ಮಾಡಿದ. ಬಟವಾಡೆಯ ದಿನ ತನ್ನ ದುಡ್ಡು ಎಣಿಸದೇ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ. ಚೀಲದ ಮೇಲೆ ಕೂತು ಮತ್ತೆ ಆ ಕೈಸನ್ನೆ ಮಾಡಿದ್ದನ್ನು ನಾನು ನೋಡಲಿಲ್ಲ.

ಡಿಸೆಂಬರ್ ಬಂತೆಂದರೆ ಎಲ್ಲ ತೋಟಗಳಲ್ಲೂ ಲೈನ್ ಮನೆ ಹಂಚುವ ಕೆಲಸ ಶುರುವಾಗುತ್ತದೆ. ಈ ಬರಹ ಓದುತ್ತಿರುವ ಸಾಹುಕಾರರು, ಮ್ಯಾನೇಜರುಗಳು, ನನ್ನ ಹಾಗಿನ ರೈಟರುಗಳು ಇದ್ದಾರೆ, ನನಗೆ ಗೊತ್ತು. ಹೆಸರು ಬರೆಯುವ ಮೊದಲು ಎದುರು ನಿಂತವನನ್ನು ಒಂದು ಮಾತು ಕೇಳಿ: ಪಕ್ಕದಲ್ಲಿ ಯಾರಿರಬೇಕು?